ಲೋಹಶೋಧಕ ಮತ್ತು ಹಳೆಯ ಬೆಳ್ಳಿ ನಾಣ್ಯಗಳ ಶೋಧ

ಲೋಹಶೋಧಕವು ನೆಲದೊಳಗೆ ಹುದುಗಿರುವ ಲೋಹದ ವಸ್ತುಗಳನ್ನು ವಿದ್ಯುತ್ಕಾಂತೀಯ ಕ್ರಿಯೆಯಿಂದ ಗುರುತಿಸುವ ಉಪಕರಣವಾಗಿದೆ. ಇದರ ನೆರವಿನಿಂದ ಹಳೆಯ ನಾಣ್ಯಗಳನ್ನು, ವಿಶೇಷವಾಗಿ ಬೆಳ್ಳಿಯ ನಾಣ್ಯಗಳನ್ನು ಹುಡುಕುವುದು ಯುರೋಪ್ ಮತ್ತು ಅಮೆರಿಕದಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ಬೆಳೆ ಕಟಾವಾಗಿ ಹೊಲಗಳು ಬರಿದಾಗುವ ಕಾಲ ಇದಕ್ಕೆ ಅನುಕೂಲಕರ. ಭಾರತದಲ್ಲಿ ನೆಲದಡಿ ಸಿಗುವ ಹಳೆಯ ನಾಣ್ಯವು ‘ನಿಧಿ’ ಎಂಬ ಕಾನೂನಿನ ಪರಿಭಾಷೆಗೆ ಒಳಪಡುತ್ತದೆ. ಅದನ್ನು ಬಚ್ಚಿಡುವುದು ಶಿಕ್ಷಾರ್ಹ ಅಪರಾಧ.

ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡ ಮತ್ತು ಅದರ ಸುತ್ತಲಿನ ಮಲಪ್ರಭಾ ಕಣಿವೆ ಈ ವಿಷಯವನ್ನು ಅರಿಯಲು ಒಳ್ಳೆಯ ಉದಾಹರಣೆ. ಚಾಲುಕ್ಯರ ಕಾಲದಿಂದ ಬ್ರಿಟಿಷರ ಕಾಲದವರೆಗೆ ಜನವಸತಿ, ಜಾತ್ರೆ, ಯುದ್ಧ, ಬರಗಾಲಗಳನ್ನು ಕಂಡ ನೆಲ ಇದು. ಇಂಥ ನೆಲದಲ್ಲಿ ನಾಣ್ಯದ ಬೆಳ್ಳಿಗಿಂತ ಅದು ಸಿಕ್ಕ ಜಾಗ, ಆಳ ಮತ್ತು ಅದರ ಜೊತೆಗಿದ್ದ ವಸ್ತುಗಳು ಇತಿಹಾಸಕ್ಕೆ ಹೆಚ್ಚು ಬೆಲೆಯುಳ್ಳವು. ಯಂತ್ರದ ಸದ್ದನ್ನು ನಂಬಿ ಅಗೆಯುವವನು ಮೊದಲು ಕಳೆದುಕೊಳ್ಳುವುದು ಈ ಮಾಹಿತಿಯನ್ನೇ.

ಉಪಕರಣದ ಇತಿಹಾಸ

ವಿದ್ಯುತ್ ಸುರುಳಿಗಳ ಸಮತೋಲನವನ್ನು ಬಳಸಿ ಲೋಹವನ್ನು ಪತ್ತೆ ಮಾಡುವ ಪ್ರಯತ್ನ 19ನೆಯ ಶತಮಾನದಲ್ಲಿ ಆರಂಭವಾಯಿತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ದೇಹದಲ್ಲಿ ಸಿಲುಕಿದ್ದ ಗುಂಡನ್ನು ಹುಡುಕಲು ದೂರವಾಣಿಯ ಸಂಶೋಧಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥ ಉಪಕರಣವನ್ನು ಪ್ರಯೋಗಿಸಿದರು. ಆ ಯತ್ನ ಸಫಲವಾಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಅದಕ್ಕೆ ಒಂದು ಕಾರಣವೆಂದು ಹೇಳಲಾಗುತ್ತದೆ. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಅವರು ಕೈಯಲ್ಲಿ ಹಿಡಿದು ಸಾಗಬಹುದಾದ ಶೋಧಕಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್ಕಿ ಅವರು ರೂಪಿಸಿದ ನೆಲಬಾಂಬ್ ಶೋಧಕ ಮಿತ್ರಪಕ್ಷದ ಸೇನೆಗಳಿಗೆ ನೆರವಾಯಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಉಪಕರಣ ಹಗುರವೂ ಅಗ್ಗವೂ ಆಗಿ ಹವ್ಯಾಸಿಗಳ ಕೈಗೆ ಸೇರಿತು.

ಕಾರ್ಯವಿಧಾನ

ಶೋಧಕದ ತುದಿಯಲ್ಲಿರುವ ತಟ್ಟೆಯಲ್ಲಿ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಈ ಕ್ಷೇತ್ರವು ಲೋಹವನ್ನು ತಲುಪಿದಾಗ ಲೋಹದೊಳಗೆ ಸುಳಿವಿದ್ಯುತ್ ಹುಟ್ಟುತ್ತದೆ. ಆ ಸುಳಿವಿದ್ಯುತ್ತು ತನ್ನದೇ ಆದ ಕಿರಿದಾದ ಕಾಂತಕ್ಷೇತ್ರವನ್ನು ಸೃಷ್ಟಿಸುತ್ತದೆ. ಎರಡನೆಯ ಸುರುಳಿ ಅದನ್ನು ಗ್ರಹಿಸಿ ಸದ್ದಾಗಿ ಅಥವಾ ಪರದೆಯ ಮೇಲಿನ ಅಂಕೆಯಾಗಿ ತೋರಿಸುತ್ತದೆ.

ಸಾಮಾನ್ಯ ಉಷ್ಣತೆಯಲ್ಲಿ ಎಲ್ಲ ಲೋಹಗಳಿಗಿಂತ ಬೆಳ್ಳಿಯು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ತಾಮ್ರದ್ದು ನಂತರದ ಸ್ಥಾನ. ಆದ್ದರಿಂದ ದಪ್ಪನಾದ ಬೆಳ್ಳಿಯ ರೂಪಾಯಿ ಸ್ಪಷ್ಟವಾದ ಸೂಚನೆಯನ್ನು ನೀಡುತ್ತದೆ. ಕಬ್ಬಿಣದ ಸೂಚನೆ ಇದಕ್ಕಿಂತ ಭಿನ್ನವಾಗಿರುವುದರಿಂದ ಒಳ್ಳೆಯ ಉಪಕರಣಗಳು ಎರಡನ್ನೂ ಬೇರ್ಪಡಿಸಬಲ್ಲವು. ಆದರೆ ಈ ವಿಂಗಡಣೆ ಪರಿಪೂರ್ಣವಲ್ಲ. ಎತ್ತಿನ ಲಾಳ, ನೇಗಿಲ ಕುಳದ ಚೂರು, ತುಕ್ಕು ಹಿಡಿದ ಮೊಳೆ, ಅಲ್ಯೂಮಿನಿಯಂ ಹಾಳೆಯ ತುಣುಕು ಇವೆಲ್ಲ ಶೋಧಕನನ್ನು ಮೋಸಗೊಳಿಸುತ್ತವೆ. ನಾಣ್ಯ ನೆಟ್ಟಗೆ ನಿಂತಿದ್ದರೆ ಅದರ ಸೂಚನೆಯೂ ದುರ್ಬಲವಾಗುತ್ತದೆ.

ಆಳದ ವಿಷಯದಲ್ಲಿ ಜನರಲ್ಲಿ ದೊಡ್ಡ ತಪ್ಪು ಕಲ್ಪನೆ ಇದೆ. ಸಣ್ಣ ವಸ್ತುವಿನಿಂದ ಮರಳುವ ಸೂಚನೆಯು ದೂರ ಹೆಚ್ಚಿದಂತೆ ಸುಮಾರು ಅದರ ಆರನೆಯ ಘಾತದ ಪ್ರಮಾಣದಲ್ಲಿ ಕ್ಷೀಣಿಸುತ್ತದೆ. ಎಂದರೆ ದೂರ ಎರಡು ಪಟ್ಟಾದರೆ ಸೂಚನೆ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಒಂದು ನಾಣ್ಯವನ್ನು ಸಾಮಾನ್ಯ ಶೋಧಕವು 20ರಿಂದ 30 ಸೆಂಟಿಮೀಟರ್ ಆಳದವರೆಗೆ ಮಾತ್ರ ಗುರುತಿಸಬಲ್ಲದು. ನಾಣ್ಯ ತುಂಬಿದ ಗಡಿಗೆ ದೊಡ್ಡದಾದ್ದರಿಂದ ಇನ್ನೂ ಸ್ವಲ್ಪ ಆಳದಲ್ಲಿ ತಿಳಿಯಬಹುದು. ಇಪ್ಪತ್ತು ಮೂವತ್ತು ಅಡಿ ಆಳದ ನಿಧಿಯನ್ನು ದೂರದಿಂದಲೇ ತೋರಿಸುವುದೆಂದು ಮಾರುವ ಯಂತ್ರಗಳಿಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಚಳಿಗಾಲ ಮತ್ತು ನೆಲದ ಸ್ಥಿತಿ

ಶೀತ ದೇಶಗಳಲ್ಲಿ

ಇಂಗ್ಲೆಂಡಿನಂಥ ದೇಶಗಳಲ್ಲಿ ಬೇಸಿಗೆಯ ಬೆಳೆ ಕಟಾವಾದ ಮೇಲೆ, ಶರತ್ಕಾಲದಿಂದ ವಸಂತದ ಆರಂಭದವರೆಗೆ ಹವ್ಯಾಸಿಗಳು ಹೊಲಗಳಿಗೆ ಇಳಿಯುತ್ತಾರೆ. ಹುಲ್ಲು, ಪೈರು ಅಡ್ಡಿಯಾಗುವುದಿಲ್ಲ. ಉಳುಮೆಯಿಂದ ಮೇಲೆ ಬಂದ ವಸ್ತುಗಳು ಎಟುಕುವ ಆಳದಲ್ಲಿರುತ್ತವೆ. ನೆಲ ತೇವವಾಗಿರುವುದರಿಂದ ಅಗೆಯುವುದೂ ಸುಲಭ.

ಆದರೆ ಹಿಮ ಬಿದ್ದು ನೆಲ ಹೆಪ್ಪುಗಟ್ಟಿದರೆ ಪರಿಸ್ಥಿತಿ ಬದಲಾಗುತ್ತದೆ. ಕಾಂತಕ್ಷೇತ್ರವು ಹಿಮವನ್ನು ದಾಟಿ ಹೋಗಬಲ್ಲದಾದರೂ ಹಿಮದ ದಪ್ಪದಷ್ಟು ಆಳ ವ್ಯರ್ಥವಾಗುತ್ತದೆ. ಹೆಪ್ಪುಗಟ್ಟಿದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಗುದ್ದಲಿಯ ಪೆಟ್ಟಿಗೆ ನಾಣ್ಯ ಗೀಚಿಹೋಗುವ ಸಂಭವ ಹೆಚ್ಚು. ಶೀತದಲ್ಲಿ ಬ್ಯಾಟರಿಗಳ ಸಾಮರ್ಥ್ಯವೂ ಕುಗ್ಗುತ್ತದೆ. ಮಣ್ಣು ಹೆಪ್ಪುಗಟ್ಟಿ ಕರಗುವ ಕ್ರಿಯೆ ವರ್ಷ ವರ್ಷವೂ ನಡೆದು ನೆಲದೊಳಗಿನ ಸಣ್ಣ ವಸ್ತುಗಳನ್ನು ಮೆಲ್ಲನೆ ಸ್ಥಳಾಂತರಿಸುತ್ತದೆ.

ಮಲಪ್ರಭಾ ಕಣಿವೆಯಲ್ಲಿ

ಉತ್ತರ ಕರ್ನಾಟಕದ ಬಯಲಿನಲ್ಲಿ ಚಳಿಗಾಲದ ಚಿತ್ರ ಇದಕ್ಕೆ ತೀರ ವಿರುದ್ಧ. ಎರೆಮಣ್ಣಿನ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಕಡಲೆ ಬೆಳೆದು ನಿಲ್ಲುವ ಕಾಲ ಅದು. ಎಳ್ಳ ಅಮಾವಾಸ್ಯೆಯಂದು ರೈತರು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಪೈರು ಎದೆಮಟ್ಟ ನಿಂತಿರುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಚಳಿ ಕಳೆದು ನೆಲ ಒಣಗಿ ಬಿರಿಯಲಾರಂಭಿಸುತ್ತದೆ.

ಈ ಬಿರುಕುಗಳಿಗೆ ಪುರಾತತ್ವದ ದೃಷ್ಟಿಯಿಂದ ವಿಶೇಷ ಮಹತ್ವವಿದೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಆಳವಾಗಿ ಬಾಯಿ ಬಿಡುತ್ತದೆ. ಮೇಲೆ ಬಿದ್ದ ನಾಣ್ಯ, ಮಣಿ, ಬಳೆಚೂರು ಬಿರುಕಿನ ಮೂಲಕ ಕೆಳಕ್ಕೆ ಜಾರುತ್ತವೆ. ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಎರೆಹೊಲದಲ್ಲಿ ನಾಣ್ಯ ಸಿಕ್ಕ ಆಳವೊಂದರಿಂದಲೇ ಅದರ ಕಾಲವನ್ನು ನಿರ್ಣಯಿಸಲಾಗದು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿರುವ ಕೆಂಪು ಮಸಾರಿ ನೆಲದ ಸ್ವಭಾವ ಬೇರೆ. ಅಲ್ಲಿಯ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣದ ಅಂಶ ಹೆಚ್ಚಿರುವ ನೆಲವು ತಾನೇ ಶೋಧಕಕ್ಕೆ ಪ್ರತಿಕ್ರಿಯಿಸಿ ಸುಳ್ಳು ಸೂಚನೆಗಳನ್ನು ಕೊಡುತ್ತದೆ ಮತ್ತು ಗ್ರಹಿಸಬಹುದಾದ ಆಳವನ್ನು ತಗ್ಗಿಸುತ್ತದೆ. ಇಂಥ ಕಡೆ ನಾಣ್ಯಗಳು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಮಳೆಯ ನೀರು ಮೇಲ್ಮಣ್ಣನ್ನು ತೊಳೆದಾಗ, ರೈತರು ಹರಗುವಾಗ ಅಥವಾ ಮನೆಗೆ ಪಾಯ ತೋಡುವಾಗ.

ಚೊಳಚಗುಡ್ಡದ ಪರಿಸರ

ಚೊಳಚಗುಡ್ಡ ಗ್ರಾಮವು ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿಯ ಸಮೀಪದಲ್ಲಿದೆ. ಶಾಕಂಭರಿ ಎಂದೂ ಹೆಸರಾದ ಬನಶಂಕರಿ ದೇವಿಯ ಕ್ಷೇತ್ರ ಈ ಗ್ರಾಮಕ್ಕೆ ಹೊಂದಿಕೊಂಡಿದೆ. ದೇವಿಯು ಚಾಲುಕ್ಯರ ಆರಾಧ್ಯದೈವವಾಗಿದ್ದಳೆಂಬುದು ಪ್ರತೀತಿ. ಇಂದಿನ ದೇವಾಲಯವು 18ನೆಯ ಶತಮಾನದ ಮಧ್ಯದಲ್ಲಿ ಮರಾಠರ ಕಾಲದಲ್ಲಿ ಕಟ್ಟಿದ್ದು. ಅದರ ಎದುರಿಗೆ ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡವಿದೆ.

ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಬನಶಂಕರಿಯ ರಥೋತ್ಸವ ನಡೆಯುತ್ತದೆ. ಜನವರಿ ಅಥವಾ ಫೆಬ್ರುವರಿಯ ಚಳಿಯಲ್ಲಿ ಆರಂಭವಾಗುವ ಈ ಜಾತ್ರೆ ಹಲವು ವಾರಗಳವರೆಗೆ ಸಾಗುತ್ತದೆ. ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಇಲ್ಲಿ ಬೀಡುಬಿಡುತ್ತವೆ. ಜನ ಸೇರುವ, ಕೊಡುಕೊಳ್ಳುವ ಇಂಥ ಬಯಲುಗಳಲ್ಲಿ ಪ್ರತಿ ಕಾಲದಲ್ಲೂ ಚಿಲ್ಲರೆ ಕಳೆದುಹೋಗುತ್ತದೆ. ಲೋಕದ ಎಲ್ಲೆಡೆ ಹಳೆಯ ಸಂತೆ, ಜಾತ್ರೆ, ದೋಣಿಗಟ್ಟೆಗಳ ಜಾಗದಲ್ಲಿ ಬಿಡಿ ನಾಣ್ಯಗಳು ಹೆಚ್ಚಾಗಿ ಸಿಗುವುದಕ್ಕೆ ಇದೇ ಕಾರಣ.

ಸುತ್ತಲಿನ ಪ್ರದೇಶವೂ ಇತಿಹಾಸದಿಂದ ದಟ್ಟವಾಗಿದೆ. ಒಂದನೆಯ ಪುಲಕೇಶಿಯು ಬಾದಾಮಿಯ ಕೋಟೆಯನ್ನು ಕಟ್ಟಿಸಿದುದನ್ನು ಕ್ರಿ.ಶ. 543ರ ಬಂಡೆಶಾಸನ ತಿಳಿಸುತ್ತದೆ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಈ ನಗರವನ್ನು ಗೆದ್ದುಕೊಂಡನು. 1987ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಮತ್ತು ಹುನಗುಂದ ಭಾಗದ ಐಹೊಳೆ ಇದೇ ನದಿಯ ಕಣಿವೆಯಲ್ಲಿವೆ. ಆದ್ದರಿಂದ ಇಲ್ಲಿಯ ಸಾಮಾನ್ಯ ಹೊಲವೊಂದು ಕೂಡ ಹಳೆಯ ವಸತಿಯ ನೆಲೆಯಾಗಿರಬಹುದು.

ಈ ಭಾಗದಲ್ಲಿ ಚಲಾವಣೆಯಲ್ಲಿದ್ದ ಬೆಳ್ಳಿ ನಾಣ್ಯಗಳು

ದಕ್ಷಿಣ ಭಾರತದ ನಾಣ್ಯ ಪರಂಪರೆಯಲ್ಲಿ ಚಿನ್ನ ಮತ್ತು ತಾಮ್ರಗಳದ್ದೇ ಮೇಲುಗೈ. ಬೆಳ್ಳಿಯು ಕೆಲವು ಕಾಲಘಟ್ಟಗಳಲ್ಲಿ ಮಾತ್ರ ಹೇರಳವಾಗಿ ಕಾಣುತ್ತದೆ. ದಖ್ಖನ್ ಮತ್ತು ಕರ್ನಾಟಕದಲ್ಲಿ ಬಳಕೆಯಲ್ಲಿದ್ದ ಮುಖ್ಯ ಬೆಳ್ಳಿ ನಾಣ್ಯಗಳು ಹೀಗಿವೆ:

ಮುದ್ರಾಂಕಿತ ನಾಣ್ಯಗಳು: ಕಾರ್ಷಾಪಣ ಎಂದು ಹೆಸರಾದ ಇವು ಸೂರ್ಯ, ಬೆಟ್ಟ, ಮರ ಮುಂತಾದ ಬಿಡಿ ಮುದ್ರೆಗಳನ್ನು ಒತ್ತಿದ ಬೆಳ್ಳಿಯ ತುಂಡುಗಳು. ತೂಕ ಸುಮಾರು 3.4 ಗ್ರಾಂ. ಮೌರ್ಯರ ಕಾಲದಲ್ಲಿ ಮತ್ತು ಅದರ ನಂತರವೂ ಬಳಕೆಯಲ್ಲಿದ್ದವು.

ಶಾತವಾಹನರ ಬೆಳ್ಳಿ ನಾಣ್ಯಗಳು: ಗೌತಮೀಪುತ್ರ ಶಾತಕರ್ಣಿ ಮತ್ತು ಅವನ ನಂತರದ ಅರಸರ ಮುಖಚಿತ್ರವುಳ್ಳ ಅಪರೂಪದ ನಾಣ್ಯಗಳು.

ರೋಮನ್ ದಿನಾರಿಯಸ್: ವ್ಯಾಪಾರದ ಮೂಲಕ ಬಂದ, ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು.

ತಾರ: ವಿಜಯನಗರದ ಕಾಲದ ಚಿಕ್ಕ ಬೆಳ್ಳಿ ನಾಣ್ಯ.

ಟಂಕ: ಬಹಮನಿ ಸುಲ್ತಾನರ ದಪ್ಪ ಬೆಳ್ಳಿ ನಾಣ್ಯ, ತೂಕ ಸುಮಾರು 11 ಗ್ರಾಂ.

ಮೊಘಲ್ ರೂಪಾಯಿ: 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದ ಮೇಲೆ ಈ ಭಾಗದಲ್ಲಿ ಇದರ ಬಳಕೆ ಹೆಚ್ಚಿತು.

ಮರಾಠರ ಕಾಲದ ರೂಪಾಯಿ: ಮೊಘಲ್ ದೊರೆಯ ಹೆಸರಿನಲ್ಲೇ ಸ್ಥಳೀಯ ಟಂಕಸಾಲೆಗಳಲ್ಲಿ ಅಚ್ಚಾದವು. ಬಾಗಲಕೋಟೆಯ ಟಂಕಸಾಲೆಯ ರೂಪಾಯಿಗೆ ‘ಮಲ್ಹಾರಶಾಹಿ’ ಎಂಬ ಹೆಸರಿತ್ತು.

ಬ್ರಿಟಿಷ್ ರೂಪಾಯಿ: 1835ರಿಂದ ಏಕರೂಪದ ನಾಣ್ಯ ಜಾರಿಗೆ ಬಂದಿತು. ತೂಕ 11.66 ಗ್ರಾಂ, ಅದರಲ್ಲಿ 12ಕ್ಕೆ 11 ಪಾಲು ಶುದ್ಧ ಬೆಳ್ಳಿ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. 1947ರಲ್ಲಿ ನಿಕ್ಕಲ್ ರೂಪಾಯಿ ಬಂದಿತು.

ವಿಕ್ಟೋರಿಯಾ ರಾಣಿಯ ಮುಖವಿದ್ದ ರೂಪಾಯಿಯನ್ನು ಜನ ‘ರಾಣಿ ಛಾಪಿನ ರೂಪಾಯಿ’ ಎಂದು ಕರೆದರು. ಹಳೆಯ ಮನೆಗಳಲ್ಲಿ ಇಂದಿಗೂ ಪೂಜೆಗೆ ಇಡುವ ಅಥವಾ ಕೊಂಡಿ ಹಾಕಿಸಿ ಸರದಲ್ಲಿ ಪೋಣಿಸಿದ ನಾಣ್ಯಗಳು ಬಹುಮಟ್ಟಿಗೆ ಇವೇ. ಹೀಗೆ ಮನೆತನದಲ್ಲಿ ಬಂದ ನಾಣ್ಯಗಳು ನೆಲದಲ್ಲಿ ಸಿಕ್ಕವಲ್ಲವಾದ್ದರಿಂದ ನಿಧಿಯ ಕಾನೂನಿಗೆ ಒಳಪಡುವುದಿಲ್ಲ.

ನಾಣ್ಯಗಳು ನೆಲ ಸೇರುವ ಬಗೆ

ನೆಲದಲ್ಲಿ ಸಿಗುವ ನಾಣ್ಯಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಅಕಸ್ಮಾತ್ತಾಗಿ ಕಳೆದುಹೋದ ಬಿಡಿ ನಾಣ್ಯಗಳು ಮೊದಲನೆಯವು. ಇವು ಸಾಮಾನ್ಯವಾಗಿ ಕಡಿಮೆ ಬೆಲೆಯವು. ದಿನನಿತ್ಯದ ವ್ಯವಹಾರದಲ್ಲಿ ಯಾವ ಚಿಲ್ಲರೆ ಓಡಾಡುತ್ತಿತ್ತು ಎಂಬುದನ್ನು ತಿಳಿಸುತ್ತವೆ. ಎರಡನೆಯವು ಬೇಕೆಂದೇ ಹೂತಿಟ್ಟ ಗಂಟುಗಳು. ಬ್ಯಾಂಕುಗಳಿಲ್ಲದ ಕಾಲದಲ್ಲಿ ಗಡಿಗೆ, ಚೆಂಬುಗಳಲ್ಲಿ ಹಣವನ್ನು ತುಂಬಿ ಮನೆಯ ನೆಲ, ಗೋಡೆಯ ಒಡಲು, ದನದ ಕೊಟ್ಟಿಗೆಗಳಲ್ಲಿ ಅಡಗಿಸಿಡುವುದು ವಾಡಿಕೆಯಾಗಿತ್ತು.

ಹೂತಿಟ್ಟವರು ಮರಳಿ ತೆಗೆದುಕೊಳ್ಳದೆ ಹೋದದ್ದರಿಂದಲೇ ಅವು ಇಂದು ಸಿಗುತ್ತವೆ. ಪ್ರತಿಯೊಂದು ಗಂಟಿನ ಹಿಂದೆ ಹಿಂದಿರುಗದ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬವಿದೆ. ಇಂದಿನ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಪ್ರದೇಶವು 18ನೆಯ ಶತಮಾನದಲ್ಲಿ ಮರಾಠರು, ನಿಜಾಮರು ಮತ್ತು ಹೈದರಾಲಿಯ ಸೇನೆಗಳ ನಡುವೆ ಕೈಯಿಂದ ಕೈಗೆ ಬದಲಾಯಿತು. 1791–92ರ ಸುಮಾರಿನ ಘೋರ ಕ್ಷಾಮವನ್ನು ಜನ ‘ಡೋಗಿ ಬರ’ ಎಂದು ನೆನೆದರು. ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವೆಂಬುದು ಆ ಹೆಸರಿನ ಹಿನ್ನೆಲೆ. 1876–78ರ ಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ತೀವ್ರವಾಗಿ ನೊಂದಿತು. ಊಟಕ್ಕಾಗಿ ಜನ ಬೆಳ್ಳಿಯ ಒಡವೆಗಳನ್ನು ಮಾರಿದರು. ಊರು ಬಿಟ್ಟ ಅನೇಕರು ಮರಳಲಿಲ್ಲ. ನಿಧಿಯೆಂದರೆ ಸಂಪತ್ತಿನ ಸಂಕೇತವೆಂದು ಭಾವಿಸುವುದು ಸಹಜವಾದರೂ, ಚರಿತ್ರೆಯಲ್ಲಿ ಅದು ಬಹಳ ಸಲ ಸಂಕಟದ ಸಾಕ್ಷ್ಯವಾಗಿದೆ.

ಸಿಕ್ಕ ಜಾಗದ ಮಹತ್ವ

ಕರ್ನಾಟಕದ ಕೆಲವು ಪ್ರಸಿದ್ಧ ಶೋಧಗಳು ಈ ಅಂಶವನ್ನು ಸ್ಪಷ್ಟಪಡಿಸುತ್ತವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ನಾಣ್ಯಗಳು ದೊರೆತವು. ಇವು ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಕರಾವಳಿಯಿಂದ ದೂರದ ಒಳನಾಡಿಗೂ ರೋಮಿನ ಬೆಳ್ಳಿ ತಲುಪುತ್ತಿತ್ತೆಂಬುದು ಇವುಗಳಿಂದ ತಿಳಿಯುತ್ತದೆ. ಆ ನಾಣ್ಯಗಳು ಎಲ್ಲಿ ಸಿಕ್ಕವು ಎಂಬುದು ದಾಖಲಾಗದೆ ಹೋಗಿದ್ದರೆ ಅವು ಯಾವ ದೇಶದ ಪೇಟೆಯಲ್ಲಾದರೂ ಕೊಳ್ಳಬಹುದಾದ ರೋಮನ್ ನಾಣ್ಯಗಳಾಗಿ ಮಾತ್ರ ಉಳಿಯುತ್ತಿದ್ದವು.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಇನ್ನೂ ಉತ್ತಮ ಉದಾಹರಣೆ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1920ರ ದಶಕದ ಕೊನೆಯಲ್ಲಿ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ರೋಮನ್ ದಿನಾರಿಯಸ್‌ಗಳು, ಶಾತವಾಹನರ ನಾಣ್ಯಗಳು ಮತ್ತು ಸದಕನ ಮಹಾರಠಿಯ ಸೀಸದ ನಾಣ್ಯಗಳು ಈ ನೆಲೆಯಲ್ಲಿ ದೊರೆತಿವೆ. ಉತ್ಖನನದಲ್ಲಿ ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಪದರದಲ್ಲಿ ಯಾವ ಮಡಕೆ, ಯಾವ ನಾಣ್ಯ ಇತ್ತೆಂದು ಬರೆದಿಡಲಾಗುತ್ತದೆ. ಟೈಬೀರಿಯಸನ ನಾಣ್ಯವಿರುವ ಪದರವು ಅವನ ಆಳ್ವಿಕೆಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಈ ಒಂದು ತರ್ಕದಿಂದ ಅದೇ ಪದರದ ಹೆಸರಿಲ್ಲದ ಮಡಕೆಗಳಿಗೂ ಕಾಲ ದೊರೆಯುತ್ತದೆ.

ಲೋಹಶೋಧಕ ಹಿಡಿದು ಅಗೆಯುವವನು ನಾಣ್ಯವನ್ನು ಮಾತ್ರ ಎತ್ತಿಕೊಳ್ಳುತ್ತಾನೆ. ಪದರ ಕಲಸಿಹೋಗುತ್ತದೆ, ಮಡಕೆಯ ಚೂರು, ಇದ್ದಿಲು, ಎಲುಬು ಕಸವೆಂದು ಬದಿಗೆ ಬೀಳುತ್ತವೆ. ನಾಣ್ಯವನ್ನು ಮತ್ತೆ ಅದೇ ಗುಂಡಿಯಲ್ಲಿಟ್ಟರೂ ಕಳೆದ ಮಾಹಿತಿ ಮರಳುವುದಿಲ್ಲ. ಲೋಹಶೋಧಕವು ತಾನಾಗಿ ಕೆಟ್ಟ ಉಪಕರಣವಲ್ಲ. ಪುರಾತತ್ವಜ್ಞರು ಉತ್ಖನನದ ವೇಳೆ ಅಗೆದ ಮಣ್ಣನ್ನು ಪರೀಕ್ಷಿಸಲು, ಪ್ರಾಚೀನ ಯುದ್ಧಭೂಮಿಗಳಲ್ಲಿ ಗುಂಡುಗಳ ಹರಹನ್ನು ನಕ್ಷೆಯಲ್ಲಿ ಗುರುತಿಸಲು ಅದನ್ನು ಬಳಸುತ್ತಾರೆ. ಅಲ್ಲಿ ಪ್ರತಿ ವಸ್ತುವಿನ ಸ್ಥಾನವೂ ದಾಖಲಾಗುತ್ತದೆ.

ಕಾನೂನು

ಭಾರತೀಯ ನಿಧಿ ಅಧಿನಿಯಮ, 1878

ನೆಲದಲ್ಲಿ ಅಥವಾ ನೆಲಕ್ಕೆ ಸೇರಿದ ಯಾವುದರಲ್ಲಾದರೂ ಅಡಗಿಸಲ್ಪಟ್ಟ ಬೆಲೆಯುಳ್ಳ ವಸ್ತುವನ್ನು ಈ ಅಧಿನಿಯಮವು ನಿಧಿ ಎಂದು ವ್ಯಾಖ್ಯಾನಿಸುತ್ತದೆ. ಇದರ ಮುಖ್ಯ ಅಂಶಗಳು:

ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಆದಷ್ಟು ಬೇಗ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ನಿಧಿಯ ಸ್ವರೂಪ, ಅಂದಾಜು ಬೆಲೆ, ಸಿಕ್ಕ ಸ್ಥಳ ಮತ್ತು ದಿನಾಂಕ ಅದರಲ್ಲಿರಬೇಕು.

ನಿಧಿಯನ್ನು ಸಮೀಪದ ಸರ್ಕಾರಿ ಖಜಾನೆಗೆ ಒಪ್ಪಿಸಬೇಕು ಅಥವಾ ಕೇಳಿದಾಗ ಹಾಜರುಪಡಿಸುವುದಾಗಿ ಜಾಮೀನು ಕೊಡಬೇಕು.

ಕಲೆಕ್ಟರರು ಪ್ರಕಟಣೆ ಹೊರಡಿಸಿ, ನಾಲ್ಕರಿಂದ ಆರು ತಿಂಗಳೊಳಗಿನ ಒಂದು ದಿನ ಹಕ್ಕುದಾರರನ್ನು ಕರೆಯುತ್ತಾರೆ.

ವಾರಸುದಾರರಿಲ್ಲವೆಂದು ಘೋಷಿತವಾದ ಮೇಲೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಾಲ್ಕರಲ್ಲಿ ಮೂರು ಪಾಲು ಸಿಕ್ಕವನಿಗೆ, ಒಂದು ಪಾಲು ಜಾಗದ ಮಾಲೀಕನಿಗೆ ಸಲ್ಲುತ್ತದೆ.

ಸರ್ಕಾರವು ನಿಧಿಯನ್ನು ತಾನೇ ಪಡೆಯಲು ಬಯಸಿದರೆ ಲೋಹದ ಬೆಲೆ ಮತ್ತು ಅದರ ಮೇಲೆ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬಹುದು.

ತಿಳಿಸದೆ ಬಚ್ಚಿಟ್ಟವನು ತನ್ನ ಪಾಲನ್ನು ಕಳೆದುಕೊಳ್ಳುತ್ತಾನೆ. ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕರ್ನಾಟಕ ರಾಜ್ಯವು 1962ರಲ್ಲಿ ನಿಧಿಗೆ ಸಂಬಂಧಿಸಿದಂತೆ ತನ್ನದೇ ಅಧಿನಿಯಮವನ್ನು ರೂಪಿಸಿಕೊಂಡಿದೆ. ಇಲ್ಲಿಯೂ ನಿಧಿ ಸಿಕ್ಕ ಸಂಗತಿಯನ್ನು ಜಿಲ್ಲಾಡಳಿತಕ್ಕೆ ತಿಳಿಸುವುದೇ ಮೊದಲ ಕರ್ತವ್ಯ.

ಸಂರಕ್ಷಿತ ಪ್ರದೇಶಗಳು

1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮದಂತೆ ಕೇಂದ್ರದ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಜಮೀನು ಸ್ವಂತದ್ದಾಗಿದ್ದರೂ ಈ ನಿರ್ಬಂಧ ಅನ್ವಯಿಸುತ್ತದೆ. ಅಲ್ಲಿ ಒಂದು ಅಡಿಗಿಂತ ಆಳವಾಗಿ ಮಣ್ಣು ತೋಡದ ಸಾಗುವಳಿಗೆ ಮಾತ್ರ ಅವಕಾಶವಿದೆ. 2010ರ ತಿದ್ದುಪಡಿಯ ನಂತರ ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮ ಅನ್ವಯಿಸುತ್ತದೆ. ನೂರು ವರ್ಷ ಮೀರಿದ ನಾಣ್ಯವು 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದಂತೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದು ಅಪರಾಧ.

ಇಂಗ್ಲೆಂಡಿನ ವ್ಯವಸ್ಥೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಮೀನಿನ ಮಾಲೀಕನ ಒಪ್ಪಿಗೆ ಪಡೆದು ಹವ್ಯಾಸಿಗಳು ಶೋಧ ನಡೆಸಬಹುದು. ಸಂರಕ್ಷಿತ ಸ್ಮಾರಕಗಳಲ್ಲಿ ನಿಷೇಧವಿದೆ. 1996ರ ನಿಧಿ ಕಾಯಿದೆಯಂತೆ 300 ವರ್ಷಕ್ಕೂ ಹಳೆಯದಾದ ಎರಡು ಅಥವಾ ಹೆಚ್ಚು ಬೆಳ್ಳಿ, ಚಿನ್ನದ ನಾಣ್ಯಗಳು ಒಟ್ಟಿಗೆ ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. 2009ರಲ್ಲಿ ಹೊಲವೊಂದರಲ್ಲಿ ಲೋಹಶೋಧಕದಿಂದ ಪತ್ತೆಯಾದ ಸ್ಟ್ಯಾಫರ್ಡ್‌ಶೈರ್ ನಿಧಿಗೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಲಾಯಿತು. ಆ ಹಣ ಶೋಧಕನಿಗೂ ರೈತನಿಗೂ ಹಂಚಿಕೆಯಾಯಿತು. ಇಂಥ ಸುದ್ದಿಗಳನ್ನು ಓದಿ ಭಾರತದಲ್ಲೂ ಹಾಗೆಯೇ ಮಾಡಬಹುದೆಂದು ಭಾವಿಸುವುದು ತಪ್ಪು. ಹವ್ಯಾಸಿಗಳ ಶೋಧವನ್ನು ದಾಖಲಿಸುವ ಅಂಥ ವ್ಯವಸ್ಥೆ ಭಾರತದ ಕಾನೂನಿನಲ್ಲಿಲ್ಲ.

ನಿಧಿಗಳ್ಳತನ, ಮೂಢನಂಬಿಕೆ ಮತ್ತು ವಂಚನೆ

ದೇವಾಲಯಗಳ ಗರ್ಭಗುಡಿ, ನಂದಿ, ಸಮಾಧಿ, ವೀರಗಲ್ಲುಗಳ ಕೆಳಗೆ ನಿಧಿಯಿದೆಯೆಂಬ ನಂಬಿಕೆಯಿಂದ ಕರ್ನಾಟಕದ ಅನೇಕ ಸ್ಮಾರಕಗಳು ಹಾಳಾಗಿವೆ. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಯಿಂದ ದುಷ್ಕರ್ಮಿಗಳು ಕೆಡವಿದರು. ಭಕ್ತರು ಕೂಡಲೇ ಅದನ್ನು ಪುನರ್ನಿರ್ಮಿಸಿದರು. ಆರೋಪಿಗಳನ್ನು ಪೊಲೀಸರು ಬಂಧಿಸಿದರು.

ನಿಧಿಗೆ ಬಲಿ ಕೊಡಬೇಕೆಂಬ ನಂಬಿಕೆ ಇನ್ನೂ ಭೀಕರವಾದುದು. ಇದನ್ನು ತಡೆಯುವ ಉದ್ದೇಶದಿಂದ, ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಅಧಿನಿಯಮವು ಗುಪ್ತನಿಧಿಯ ಶೋಧಕ್ಕಾಗಿ ನಡೆಸುವ ವಾಮಾಚಾರವನ್ನು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಈ ಅಧಿನಿಯಮ 2020ರಲ್ಲಿ ಜಾರಿಗೆ ಬಂದಿತು.

ವಂಚನೆಯ ಇನ್ನೊಂದು ಬಗೆ ನಾಣ್ಯದ ಮಾರಾಟ. ‘ಮನೆಯ ಪಾಯ ತೋಡುವಾಗ ಗಡಿಗೆ ಸಿಕ್ಕಿದೆ, ಅಗ್ಗಕ್ಕೆ ಕೊಡುತ್ತೇವೆ’ ಎಂದು ನಂಬಿಸಿ, ಪರೀಕ್ಷೆಗೆ ಒಂದೆರಡು ಅಸಲಿ ನಾಣ್ಯ ಕೊಟ್ಟು, ಹಣ ಪಡೆಯುವಾಗ ಹಿತ್ತಾಳೆಯ ನಾಣ್ಯಗಳನ್ನು ಕೈಗಿಡುವುದು ರಾಜ್ಯದಲ್ಲಿ ಪದೇ ಪದೇ ವರದಿಯಾಗುವ ಅಪರಾಧ. ಕಥೆ ನಿಜವೇ ಆಗಿದ್ದರೂ ಆ ನಾಣ್ಯವನ್ನು ಮಾರಾಟ ಮಾಡಲು ಅವರಿಗೆ ಹಕ್ಕಿಲ್ಲವೆಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಶೋಧಕ ಯಂತ್ರಗಳ ಹೆಸರಿನಲ್ಲೂ ಮೋಸ ನಡೆಯುತ್ತದೆ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯನ್ನು ಬಾಂಬ್ ಶೋಧಕವೆಂದು ಹಲವು ದೇಶಗಳಿಗೆ ಮಾರಿದ ವ್ಯಾಪಾರಿಗೆ 2013ರಲ್ಲಿ ಲಂಡನ್ನಿನ ನ್ಯಾಯಾಲಯ 10 ವರ್ಷಗಳ ಶಿಕ್ಷೆ ವಿಧಿಸಿತು. ಹಿಡಿಕೆಗೆ ಕಡ್ಡಿ ಸಿಕ್ಕಿಸಿದ ಅಂಥ ‘ಯಂತ್ರ’ಗಳನ್ನು ನಿಧಿಶೋಧಕವೆಂದು ಕೊಳ್ಳುವವರು ಇಂದಿಗೂ ಇದ್ದಾರೆ.

ನಾಣ್ಯ ಸಿಕ್ಕಾಗ ಅನುಸರಿಸಬೇಕಾದ ಕ್ರಮ

ಹೊಲ ಹರಗುವಾಗ ಅಥವಾ ಪಾಯ ತೋಡುವಾಗ ಆಕಸ್ಮಿಕವಾಗಿ ನಾಣ್ಯ ಸಿಗುವುದು ತಪ್ಪಲ್ಲ. ಸಿಕ್ಕ ಕೂಡಲೇ ಅಗೆತವನ್ನು ನಿಲ್ಲಿಸಿ, ಜಾಗವನ್ನು ಗುರುತು ಮಾಡಿ, ಸಾಧ್ಯವಾದರೆ ನಾಣ್ಯವಿದ್ದಂತೆಯೇ ಚಿತ್ರ ತೆಗೆದಿಡಬೇಕು. ಗಡಿಗೆಯ ಚೂರುಗಳನ್ನು, ಒಳಗಿನ ಮಣ್ಣನ್ನು ಎಸೆಯಬಾರದು. ಗ್ರಾಮದ ಆಡಳಿತಾಧಿಕಾರಿ, ತಹಶೀಲ್ದಾರರು ಅಥವಾ ಪೊಲೀಸ್ ಠಾಣೆಯ ಮೂಲಕ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಸಿದ್ದಕ್ಕೆ ನಾಣ್ಯಗಳ ಸಂಖ್ಯೆ ಮತ್ತು ತೂಕ ನಮೂದಿಸಿದ ರಸೀದಿ ಪಡೆಯಬೇಕು. ಮುಂದೆ ಪಾಲು ಅಥವಾ ಪರಿಹಾರ ಕೇಳಲು ಈ ಕಾಗದವೇ ಆಧಾರ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಮಾಹಿತಿ ಕೊಡಬಹುದು.

ನಾಣ್ಯವನ್ನು ಉಜ್ಜಿ ತೊಳೆಯಬಾರದು. ಮನೆಯ ಬೆಳ್ಳಿ ಪಾತ್ರೆಗಳಂತೆ ಹುಣಸೆಹಣ್ಣು, ವಿಭೂತಿಗಳಿಂದ ತಿಕ್ಕಿದರೆ ಅಕ್ಷರಗಳೂ ಟಂಕಸಾಲೆಯ ಗುರುತುಗಳೂ ಸವೆಯುತ್ತವೆ. ನೆಲದಲ್ಲಿದ್ದ ಬೆಳ್ಳಿಯು ಗಂಧಕ ಮತ್ತು ಲವಣಗಳ ಸಂಪರ್ಕದಿಂದ ಕಪ್ಪಾಗಿರುತ್ತದೆ. ಬೆರೆತ ತಾಮ್ರದಿಂದ ಹಸಿರು ಕಿಲುಬು ಮೂಡಿರುತ್ತದೆ. ಅನೇಕ ನಾಣ್ಯಗಳು ಒಳಗೇ ಸೆಡೆತು ಬಲಹೀನವಾಗಿರುವುದರಿಂದ ಒತ್ತಿದರೆ ಮುರಿಯಬಹುದು. ಒಂದಕ್ಕೊಂದು ಅಂಟಿಕೊಂಡ ನಾಣ್ಯಗಳನ್ನು ಬಿಡಿಸಲು ಯತ್ನಿಸದೆ ಹಾಗೆಯೇ ಒಪ್ಪಿಸಬೇಕು. ಅವನ್ನು ಬೇರ್ಪಡಿಸುವುದು ಸಂಗ್ರಹಾಲಯಗಳ ಸಂರಕ್ಷಣಾ ತಜ್ಞರ ಕೆಲಸ.

ಒಂದು ಗಂಟಿನಲ್ಲಿ ನೂರು ನಾಣ್ಯಗಳಿದ್ದರೆ ಅವುಗಳಲ್ಲಿ ತೀರ ಇತ್ತೀಚಿನದು ಯಾವುದೆಂಬುದರಿಂದ ಅದನ್ನು ಹೂತ ಕಾಲ ತಿಳಿಯುತ್ತದೆ. ಹತ್ತು ನಾಣ್ಯಗಳನ್ನು ತೆಗೆದಿಟ್ಟುಕೊಂಡು ತೊಂಬತ್ತನ್ನು ಒಪ್ಪಿಸಿದರೆ, ಕಾಲವನ್ನು ಹೇಳಬೇಕಾದ ಆ ಒಂದು ನಾಣ್ಯ ಹತ್ತರೊಳಗೇ ಹೋಗಿಬಿಡಬಹುದು. ಇಡೀ ಗಂಟನ್ನು ಒಟ್ಟಾಗಿ ಒಪ್ಪಿಸಬೇಕೆಂದು ಇತಿಹಾಸಕಾರರು ಒತ್ತಿ ಹೇಳುವುದು ಈ ಕಾರಣದಿಂದ.